ಆವೇಶದವನು ನಮ್ಮ ಮನೆಗೆ ಬಂದ ಬೇಸಿಗೆ

ನಮ್ಮ ಮನೆಯಲ್ಲಿ ಆವೇಶದವನು ಮೊದಲು ಬಂದದ್ದು ನನ್ನ ಮೈಮೇಲೆ. ಹೀಗೆ ಹೇಳಿದ ಕೂಡಲೇ ಕುಂಕುಮ, ಅಡಿಕೆಯ ಸಿಂಗಾರ, ದೇವರು ಮೈದುಂಬುವ ಪಾತ್ರಿ ಎಂದು ನೀವು ಎಲ್ಲೆಲ್ಲಿಗೋ ಹೋಗಬೇಡಿ. ಅದೊಂದು ಆಟ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಯಲ್ಲಿ ನನ್ನ ತಮ್ಮ ಕರಾವಳಿಯ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಿಂದ ಒಗೆಯದ ಬಟ್ಟೆಗಳ ಜೊತೆ ಅದನ್ನೂ ಹೊಸನಗರಕ್ಕೆ ಹೊತ್ತು ತಂದಿದ್ದ. ಅವನ ರೂಮಿನ ಹುಡುಗನಿಗೆ ಅಮೆರಿಕದಲ್ಲಿದ್ದ ಮಾವ ಕಳಿಸಿದ್ದಂತೆ. ಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ ಹಾಸ್ಟೆಲಿನ ಒಂದು ಇಡೀ ಸಾಲು ಇದನ್ನೇ ಆಡಿತ್ತಂತೆ. ಅವನ ಮಾರ್ಕ್ಸು ನೋಡಿದಾಗ ನಮಗೂ ಆ ಮಾತು ನಿಜ ಎನ್ನಿಸಿತು.

ಆಟ ಇಷ್ಟೇ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರಿಗೆ ಒಂದೊಂದು ಪಾತ್ರ. ಹಲಗೆಯ ಮೇಲೆ ಕಾಯಿ ನಡೆಸುವುದೇನೂ ಇಲ್ಲ, ಕೂತಲ್ಲೇ ಬಾಯಲ್ಲಿ ಹೇಳುವುದು. 'ನಾನು ಬಾಗಿಲು ಒದೀತೀನಿ' ಎಂದರೆ ಒದ್ದಂತೆ. ಬಾಗಿಲು ಮುರಿಯಿತೋ, ಒದ್ದವರ ಕಾಲು ಮುರಿಯಿತೋ ಎನ್ನುವುದನ್ನು ದಾಳ ಹೇಳುತ್ತದೆ. ಇಪ್ಪತ್ತು ಮುಖದ ದಾಳ ಬೇಕು ಎಂದು ತಮ್ಮ ಹೇಳಿದ. ಹೊಸನಗರದ ಪೇಟೆಯಲ್ಲಿ ಇಪ್ಪತ್ತು ಮುಖದ ದಾಳ ಕೇಳಿದ್ದರೆ ನಮ್ಮನ್ನು ಯಾವ ಆಸ್ಪತ್ರೆಗೆ ಕಳಿಸುತ್ತಿದ್ದರೋ! ಅಮ್ಮ ತನ್ನ ಚೌಕಾಬಾರದ ನಾಲ್ಕು ಕವಡೆ ತಂದು ಅವನ ಮುಂದೆ ಹಾಕಿದಳು. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತದೋ ಅಷ್ಟು ಲೆಕ್ಕ. ಅಮೆರಿಕದ ಆಟ ಹಾಗೆ ನಮ್ಮ ಜಗಲಿಗೆ ಹೊಂದಿಕೊಂಡಿತು.

"ಇದು ತಾಳಮದ್ದಲೆನೇ ಅಲ್ದನಾ? ಹಾಡು ಒಂದಿಲ್ಲ ಅಷ್ಟೆ" ಎಂದಳು ಅಮ್ಮ.

ಎಂದವಳೇ ನಾಲಿಗೆ ಕಚ್ಚಿಕೊಂಡಳು. ಜಗಲಿಯ ಆ ಕಡೆಯ ಬೆಂಚಿನ ಮೇಲೆ ನಮಗೆ ಬೆನ್ನು ಹಾಕಿಕೊಂಡು ಅಪ್ಪಯ್ಯ ಕೂತಿದ್ದ. ನಮ್ಮ ಮನೆಯಲ್ಲಿ ಆಗ ತಾಳಮದ್ದಲೆ ಎಂಬ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ.

ಅಪ್ಪಯ್ಯನ ವಿಷಯ ಹೇಳಲೇಬೇಕು. ಅವನು ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್. ಬಸ್ಸು ಬಂದಾಗ ಊರಿನ ಹೆಸರು ಕೂಗಿ ಜನ ಹತ್ತಿಸುವ ಕೆಲಸ. ಅವನು 'ಸಾಗ್ರ ಸಾಗ್ರ ಸಾಗ್ರ' ಎಂದು ಕೂಗಿದರೆ ಮನೆಯಲ್ಲಿ ಜಡೆ ಹಾಕಿಕೊಳ್ಳುತ್ತಿದ್ದವರು ಅರ್ಧ ಜಡೆಯಲ್ಲೇ ಓಡಿ ಬರುತ್ತಿದ್ದರು. ಅದೇ ಗಂಟಲನ್ನು ಅವನು ತಾಳಮದ್ದಲೆಯ ಕೂಟಗಳಿಗೂ ಕೊಟ್ಟಿದ್ದ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಎದುರುಬದುರು ಕೂತು ಪಾತ್ರವಾಗಿ ಮಾತಾಡುವುದು, ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಕಣ್ಣು ಕೆಂಪಾದವರು, ಹಲ್ಲು ಕಡಿಯುವವರು, ಸಿಟ್ಟಿಗೆ ಹುಟ್ಟಿ ಸಿಟ್ಟಿನಲ್ಲೇ ಸಾಯುವವರು, ಇವೆಲ್ಲ ಅಪ್ಪಯ್ಯನ ಪಾತ್ರ. ಎದುರಿನ ತಣ್ಣಗಿನ ಧರ್ಮಿಷ್ಠ ವೀರ ಯಾವಾಗಲೂ ತೀರ್ಥಹಳ್ಳಿ ಮೇಷ್ಟ್ರು. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಮೂರು ತಾಲೂಕಿನಲ್ಲಿ ಎಲ್ಲಿ ಕೂಟವಾದರೂ ಈ ಜೋಡಿ ಇದೆಯೆಂದರೆ ಜನ ಜಾಗ ಹಿಡಿಯಲು ಮೊದಲೇ ಬಂದು ಟವೆಲು ಹಾಸುತ್ತಿದ್ದರು.

ಆದರೆ ಪ್ರಸಂಗದಲ್ಲಿ ಸಾಯಬೇಕೆಂದು ಇದ್ದವನು ಸಾಯಲೇಬೇಕು. ಮಾತಿನಲ್ಲಿ ಗೆದ್ದರೂ ಸಾಯಬೇಕು. ಹಾಗಾಗಿ ನಮ್ಮಪ್ಪಯ್ಯ ಪ್ರತಿ ಕೂಟದಲ್ಲೂ ಸಾಯುತ್ತಿದ್ದ, ಮೇಷ್ಟ್ರು ಪ್ರತಿ ಕೂಟದಲ್ಲೂ ಕೊಲ್ಲುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಯಾವಾಗ್ಲೂ ನೀನೇ ಯಾಕೆ ಸಾಯದು?" ಎಂದು ಜಗಳ ತೆಗೆಯುತ್ತಿದ್ದೆ. "ಸಾಯಿಸಿದ್ದು ಪ್ರಸಂಗ ಬರೆದೋನು ಕಣೇ, ಮೇಷ್ಟ್ರಲ್ಲ. ಮೇಷ್ಟ್ರನ್ನ ಬೆವರು ಇಳಿಸದೆ ಬಿಟ್ಟಿದೀನಾ, ಅದು ಕೇಳು" ಎಂದು ಅಪ್ಪಯ್ಯ ನಗುತ್ತಿದ್ದ.

ಆಮೇಲೆ ಅವನ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿಪೆಟ್ಟಿಗೆಯನ್ನು ಮಾತ್ರ ಪೂರ್ತಿ ತೆಗೆದರು. ಕತ್ತಿನ ಬುಡದಲ್ಲಿ ಉಸಿರಿಗೆಂದು ಒಂದು ತೂತು ಉಳಿಯಿತು. ಪಿಸುಮಾತೂ ಇಲ್ಲ. ನೋಡಲು ಬಂದವರು ಒಬ್ಬರೂ ಬಿಡದೆ ಹೇಳಿದ್ದು ಒಂದೇ ಮಾತು: "ಪಾಪ, ಎಂಥಾ ಧ್ವನಿ ಇತ್ತು!" ಕಿತ್ತಳೆ ಹಣ್ಣು ಕೊಟ್ಟು 'ಪಾಪ', ಹೊರಡುವಾಗ 'ಪಾಪ', ಗೇಟಿನ ಹತ್ತಿರ ನಿಂತು ಅಮ್ಮನಿಗೆ ಇನ್ನೊಂದು 'ಪಾಪ'. ಅವರೆಲ್ಲ ಒಳ್ಳೆಯವರೇ. ಆದರೆ ನನಗೆ ಆ ಹಣ್ಣು ತೆಗೆದು ಅವರ ಬೆನ್ನಿಗೇ ಎಸೆಯುವಷ್ಟು ಸಿಟ್ಟು ಬರುತ್ತಿತ್ತು.

ಅಪ್ಪಯ್ಯ ಎಸೆಯಲಿಲ್ಲ. ಸುಮ್ಮನೆ ಹೊರಗೆ ಹೋಗುವುದನ್ನು ಬಿಟ್ಟ. ಕತ್ತಿಗೆ ಟವೆಲಿನಂಥ ಒಂದು ಬೈರಾಸು ಸುತ್ತಿಕೊಂಡು ಜಗಲಿಯ ಬೆಂಚಿಗೆ ಅಂಟಿದ. ಕ್ಷೌರಕ್ಕೂ ಹೋಗದೆ ಕ್ಷೌರದವನನ್ನು ಮನೆಗೇ ಕರೆಸುವಂತಾಯಿತು. ಬಸ್ಸಿನ ಮಾಲೀಕರು, "ಕೂಗದು ಬೇಡ, ಬಂದು ಕೂತ್ಕಂಡು ಟೈಮ್ ನೋಡ್ಕಳ್ಳಿ ಸಾಕು" ಎಂದು ಹೇಳಿ ಕಳಿಸಿದರು. ಹೋಗಲಿಲ್ಲ. ಗೇಟಿನ ಸದ್ದಾದರೆ ಒಳಗಿನ ಕೋಣೆ ಸೇರುತ್ತಿದ್ದ. ಬರೆದು ತೋರಿಸಲು ಒಂದು ಸ್ಲೇಟು ಕೊಟ್ಟಿದ್ದೆವು, ಅದರಲ್ಲಿ ಬಳಪಕ್ಕಿಂತ ಧೂಳೇ ಜಾಸ್ತಿ. ಹೀಗೇ ಆದರೆ ಈ ಮನುಷ್ಯ ಕೂತಲ್ಲೇ ಬಾಡಿ ಹೋಗುತ್ತಾನೆ ಎಂದು ಅಮ್ಮ ಅಳುತ್ತಿದ್ದಳು. ಅವನು ಒಮ್ಮೆ ಗೇಟು ದಾಟಿ ನಾಲ್ಕು ಜನರ ನಡುವೆ ಹೋಗಿ ನಿಲ್ಲಬೇಕು. ಆ ವರ್ಷ ನಮ್ಮ ಮನೆಯ ಹರಕೆಯೆಲ್ಲ ಅದೊಂದೇ.

ಇಂಥ ಮನೆಗೆ ತಮ್ಮ ಆ ಆಟ ತಂದದ್ದು. ಪಾತ್ರಗಳ ಚಿತ್ರವಿದ್ದ ಹಾಳೆ ಹರಡಿದ. ಮಂತ್ರವಾದಿ, ಕಳ್ಳ, ರಾಜಕುಮಾರ, ವೈದ್ಯೆ. ಒಂದು ಮೂಲೆಯಲ್ಲಿ ಕೆದರಿದ ತಲೆಯ ಒಬ್ಬ ತನ್ನ ಗುರಾಣಿಯನ್ನೇ ಕಚ್ಚಿಕೊಂಡು ನಿಂತಿದ್ದ.

"ಇವ್ನು ಯಾರಾ?" ಎಂದೆ.

"ಅವ್ನು ಯುದ್ಧಕ್ಕೆ ನಿಂತ್ರೆ ಮೈಮೇಲೆ ಬಂದಂಗೆ ಆಡ್ತಾನೆ ಅಕ್ಕಾ. ಬಲ ಎರಡು ಪಟ್ಟು ಆಗುತ್ತೆ, ಹಿಂದೆ ತಿರುಗಂಗಿಲ್ಲ. ಆದ್ರೆ ಶತ್ರುಗಳೆಲ್ಲ ಮುಗಿದ ಮೇಲೂ ಆವೇಶ ಇಳೀಲಿಲ್ಲ ಅಂದ್ರೆ ಪಕ್ಕದಾಗೆ ನಿಂತೋನೇ ಶತ್ರು. ಸ್ನೇಹಿತ, ಅಣ್ಣ, ತಮ್ಮ ಏನೂ ನೋಡಲ್ಲ."

"ಇಳಿಸದು ಹೆಂಗೆ?"

"ಪಕ್ಕದೋನು ಮಾತಾಡಿ ನಾಟಿಸ್ಬೇಕು. ನಾಟ್ತು ಅಂತ ನಂಗೆ ಅನ್ನಿಸಿದ್ರೆ ಆವೇಶ ಬಂದೋನಿಗೆ ಒಂದೇ ಸಲ ಕವಡೆ ಹಾಕಕ್ಕೆ ಬಿಡ್ತೀನಿ. ನಾಲ್ಕೂ ಬಾಯಿ ಮೇಲಾದ್ರೆ ಇಳೀತು. ಇಲ್ಲಾಂದ್ರೆ ಏಟು ಬಿತ್ತು."

"ಗುರಾಣಿ ಕಚ್ಚಿದ್ರೆ ಹಲ್ಲು ಹೋಗಲ್ವನಾ?" ಎಂದು ಅಮ್ಮ ಕೇಳಿದಳು.

ನನಗೆ ಅವನೇ ಬೇಕಾಯಿತು. ನಾನು ಆಗ ಸಾಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ವಾರವೆಲ್ಲ ಸಾಗರದಲ್ಲಿ ಬಾಡಿಗೆ ಕೋಣೆ, ಶನಿವಾರ ಸಂಜೆ ಹೊಸನಗರದ ಬಸ್ಸು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುವುದೇ ನನ್ನ ನೌಕರಿ. ಬೊಂಬಾಯಿಗೆ ಟ್ರಂಕ್ ಕಾಲ್ ಸಿಗದಿದ್ದರೆ ತಂತಿಯನ್ನು ನಾನೇ ಕತ್ತರಿಸಿದಂತೆ ಮಂಡಿ ಸಾಹುಕಾರರು ಕೂಗಾಡುತ್ತಿದ್ದರು. ನಾನು 'ಪ್ರಯತ್ನ ಮಾಡ್ತಿದೀವಿ ಸಾರ್' ಎಂದು ಜೇನು ಸುರಿಸಬೇಕು. ಹುಟ್ಟು ಸಿಟ್ಟಿನವಳಿಗೆ ಅಂಥ ಕೆಲಸ. ವಾರದ ಸಿಟ್ಟನ್ನೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಭಾನುವಾರ ಮಧ್ಯಾಹ್ನ ಬಿಚ್ಚಲು ನನಗೊಂದು ಜಾಗ ಬೇಕಿತ್ತು. ಹೆಸರು ಹೇಳಲು ಬಾಯಿ ತಿರುಗದ ಆ ವೀರನಿಗೆ ನಾವು ಆವೇಶದವನು ಎಂದೇ ಕರೆದೆವು.

ಅಮ್ಮ ವೈದ್ಯೆಯಾದಳು. ಯಾವ ರಾಕ್ಷಸ ಬಂದರೂ ಅವಳ ಮೊದಲ ಪ್ರಶ್ನೆ, ಅವನ ಊಟ ಆಗಿದೆಯಾ. ತಮ್ಮ ಕೋಟೆಯೊಂದನ್ನು ವರ್ಣಿಸಿದರೆ, "ಇಕ್ಕೇರಿ ದೇವಸ್ಥಾನದ ಕಲ್ಲಿನಂಗಾ?" ಎನ್ನುತ್ತಿದ್ದಳು. ರಾಕ್ಷಸರ ದ್ವೀಪಕ್ಕೆ ದೋಣಿಯಲ್ಲಿ ಹೋಗಬೇಕೆಂದರೆ, "ಹೊಳೆಬಾಗಿಲಿಂದನಾ? ಲಾಂಚ್ ತಪ್ಪಿದ್ರೆ ಮತ್ತೆ ಕಾಯ್ಬೇಕು, ಬೇಗ ಹೊರಡಿ" ಎನ್ನುತ್ತಿದ್ದಳು. ತಮ್ಮನ ಅಮೆರಿಕ ಕೊನೆಗೂ ಸಾಗರ ತಾಲೂಕು ದಾಟಲಿಲ್ಲ.

ನಾನು ಮಾತ್ರ ಹೊಡೆದೆ, ಬಡಿದೆ, ಕೂಗಿದೆ. ಮೊದಲ ಭಾನುವಾರ ನನ್ನ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಎರಡನೇ ಭಾನುವಾರ ನಾನು ಇನ್ನೂ ಜೋರಾಗಿ ಅರಚುತ್ತಿದ್ದಾಗ ಬೆಂಚಿನ ಮೇಲೆ ಫಟ್ಟೆಂದು ಸದ್ದಾಯಿತು. ಅಪ್ಪಯ್ಯ ಬೆಂಚಿಗೆ ಹೊಡೆದಿದ್ದ. ನಮ್ಮ ಕಡೆ ತಿರುಗಿ ಕೂತಿದ್ದ. ಕೆಟ್ಟ ಸಂಗೀತ ಕೇಳಿಸಿಕೊಂಡವನ ಹಾಗೆ ಮುಖ ಹಿಂಡಿಕೊಂಡು ತಲೆಯಾಡಿಸಿದ. ಎದ್ದು ಬಂದು ಸ್ಲೇಟಿನ ಧೂಳು ಒರೆಸಿ ಬರೆದ: 'ಕೂಗಬೇಡ. ನೋಡು.'

ನನ್ನನ್ನು ಆಚೆ ಸರಿಸಿ ನನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ರಾಕ್ಷಸನ ಮಾತಾಡುತ್ತಿದ್ದ ತಮ್ಮನನ್ನು ನೋಡತೊಡಗಿದ. ಬರೀ ನೋಟ. ಉಸಿರು ನಿಧಾನವಾಗಿ ದಪ್ಪವಾಯಿತು. ಹುಬ್ಬು ಒಂದಿಷ್ಟೇ ಇಳಿಯಿತು. ಕೈ ಕವಡೆಯ ಮೇಲೆ ಬಂದು ನಿಂತಿತು, ಹಾಕಲಿಲ್ಲ. ತಮ್ಮ ರಾಕ್ಷಸನ ಬೊಬ್ಬೆ ಹಾಕುತ್ತಿದ್ದವನು ತೊದಲಿದ, ತಗ್ಗಿದ, ಆಮೇಲೆ ಸುಮ್ಮನಾದ. ಆಗ ಅಪ್ಪಯ್ಯ ಕತ್ತಿನ ಬೈರಾಸನ್ನು ಸರ್ರನೆ ಎಳೆದು ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಕವಡೆ ಬೀಸಿದ. ಆ ತೂತನ್ನು ನಮ್ಮೆದುರೂ ತೋರಿಸದವನು ಅದು ಅಲ್ಲಿರುವುದನ್ನೇ ಮರೆತಿದ್ದ.

"ಅಕ್ಕಾ, ರಾಕ್ಷಸ ನಾನೇ ಆಗಿದ್ದೆ, ನಂಗೇ ಎದ್ದು ಓಡನ ಅನ್ನಿಸ್ತು" ಎಂದ ತಮ್ಮ ಆಮೇಲೆ ಅಡುಗೆಮನೆಯಲ್ಲಿ.

ಸಿಟ್ಟೆಂದರೆ ಗಂಟಲು ಎಂದುಕೊಂಡಿದ್ದೆ ನಾನು. ಅಪ್ಪಯ್ಯನ ಗಂಟಲು ಇದ್ದಷ್ಟು ದಿನ ನಾವೆಲ್ಲ ಕೇಳಿದ್ದೂ ಅದನ್ನೇ. ಅದರ ಕೆಳಗೆ ಇಷ್ಟೆಲ್ಲ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಪಾತ್ರವನ್ನು ಸಂತೋಷವಾಗಿ ಅವನಿಗೆ ಬಿಟ್ಟುಕೊಟ್ಟು ನಾನು ಕಳ್ಳಿಯಾದೆ. ಆಮೇಲಿನ ಭಾನುವಾರಗಳಲ್ಲಿ ಊಟ ಮುಗಿಯುವುದೇ ತಡ, ಕವಡೆ ಕುಲುಕುತ್ತ ಅಪ್ಪಯ್ಯನೇ ನಮ್ಮನ್ನು ಕರೆಯುತ್ತಿದ್ದ. ಅಯ್ಯೋ, ಆ ಸದ್ದು ಕೇಳಿದರೆ ನನಗೆ ಕಣ್ಣು ತುಂಬಿ ಬರುತ್ತಿತ್ತು. ಆದರೂ ಗೇಟಿನ ಹತ್ತಿರ ಯಾರಾದರೂ ಕೆಮ್ಮಿದರೆ ಸಾಕು, ರಾಕ್ಷಸರನ್ನು ಕೊಂದ ವೀರ ಬೈರಾಸು ಸುತ್ತಿಕೊಂಡು ಒಳಗೆ ಓಡುತ್ತಿದ್ದ.

ಮೇಷ್ಟ್ರು ಒಮ್ಮೆಯೂ ಬಂದಿರಲಿಲ್ಲ. ಎಲ್ಲರ 'ಪಾಪ'ಕ್ಕಿಂತ ಅವರು ಬಾರದೆ ಉಳಿದದ್ದು ಅಪ್ಪಯ್ಯನಿಗೆ ಹೆಚ್ಚು ನೋವು ಮಾಡಿತ್ತು. ಅವರ ಸುದ್ದಿ ಬಂದರೆ ಅಪ್ಪಯ್ಯ ಗೋಡೆಯ ಕಡೆ ತಿರುಗಿಬಿಡುತ್ತಿದ್ದ. ಒಂದು ದಿನ ತೀರ್ಥಹಳ್ಳಿಯಿಂದ ಸಾಗರಕ್ಕೆ ಒಂದು ಕಾಲ್ ಬಂತು. "ಹಲೋ" ಎಂಬ ಒಂದೇ ಶಬ್ದಕ್ಕೆ ನನಗೆ ಗೊತ್ತಾಯಿತು. ಆ ಧ್ವನಿ ಕೇಳಿಯೇ ನಾನು ಬೆಳೆದದ್ದು. ಆಪರೇಟರ್ ನಡುವೆ ಮಾತಾಡುವ ಹಾಗಿಲ್ಲ. ನಾನು ಮಾತಾಡಿದೆ.

"ಮೇಷ್ಟ್ರೇ, ಹೊಸನಗರದ ಏಜೆಂಟ್ರ ಮಗಳು. ಅಪ್ಪಯ್ಯನ್ನ ನೋಡಕ್ಕೆ ಯಾಕೆ ಬಂದಿಲ್ಲ?"

"ಯಾವ ಮುಖ ಇಟ್ಕಂಡು ಬರ್ಲಿ ಮಗಾ? ಅವ್ನ ಎದುರಿಗೆ ಕೂತು ನಾನೊಬ್ನೇ ಮಾತಾಡ್ಲಾ?"

"ಅದೆಲ್ಲ ನಂಗೊತ್ತಿಲ್ಲ. ಭಾನುವಾರ ಬರ್ತೀನಿ ಅಂದ್ರೆ ಲೈನ್ ಸಿಗುತ್ತೆ. ಇಲ್ಲಾಂದ್ರೆ ಇವತ್ತು ಲೈನ್ ಇಲ್ಲ."

"ಏಜೆಂಟನ ಮಗಳೇ ಸೈ" ಎಂದರು. "ಬರ್ತೀನಿ. ಈಗ ಲೈನ್ ಕೊಡು ಮಾರಾಯ್ತಿ."

ಭಾನುವಾರ ಬಂದರು. ಗೇಟು ಕಿರುಗುಟ್ಟಿದ್ದೇ ಅಪ್ಪಯ್ಯ ಎದ್ದ. ಬಂದವರು ಯಾರೆಂದು ಕಂಡ ಮೇಲೆ ಎದ್ದಲ್ಲೇ ನಿಂತ. ಇಬ್ಬರೂ ಮುಖ ನೋಡಲಿಲ್ಲ. ಮೇಷ್ಟ್ರು ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ, ಮತ್ತೆ ಬಿಸಿಲಿನ ಬಗ್ಗೆ ಮಾತಾಡಿದರು. ಅಮ್ಮ ಮಜ್ಜಿಗೆ ಕೊಟ್ಟಳು. ಇನ್ನು ಏನೂ ಉಳಿಯಲಿಲ್ಲ. ಆಗ ತಮ್ಮ ಕವಡೆ ತಂದು ಚಾಪೆಯ ಮೇಲೆ ಹಾಕಿ, "ಮೇಷ್ಟ್ರೇ, ನಮ್ಮ ಆಟಕ್ಕೆ ಒಬ್ಬ ರಾಜಕುಮಾರ ಬೇಕು" ಎಂದ.

ಆಟದ ರೀತಿಯೆಲ್ಲ ಕೇಳಿಸಿಕೊಂಡು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಸರಿ, ಪ್ರಸಂಗ ಯಾವ್ದು?"

"ಪ್ರಸಂಗ ಇಲ್ಲ ಮೇಷ್ಟ್ರೇ. ಆಡ್ತಾ ಆಡ್ತಾ ಆಗುತ್ತೆ."

"ಹಂಗಾರೆ ಕೊನೀಗೆ ಸಾಯದು ಯಾರು?"

"ಗೊತ್ತಿಲ್ಲ."

"ಯಾರು ಸಾಯ್ತಾರೆ ಅಂತ ಗೊತ್ತಿಲ್ದೆ ಅರ್ಥ ಹೇಳದು ಹೆಂಗಾ?" ಅವರಿಗೆ ನಿಜಕ್ಕೂ ದಿಗಿಲಾಗಿತ್ತು. ಜೀವಮಾನವೆಲ್ಲ ಗೆಲ್ಲುವುದು ಗೊತ್ತಿದ್ದೇ ವಾದಿಸಿದವರು. ಅಪ್ಪಯ್ಯನ ತುಟಿಯ ಅಂಚು ಸ್ವಲ್ಪ ಏರಿದ್ದನ್ನು ನಾನು ನೋಡಿದೆ.

ಕಥೆ ಶುರುವಾಯಿತು. ರಾಕ್ಷಸರ ದ್ವೀಪಕ್ಕೆ ನಾಲ್ವರೂ ಹೋಗಿ ಇಳಿದೆವು. ಅಮ್ಮನ ವೈದ್ಯೆ ಲಾಂಚಿನ ಹತ್ತಿರವೇ ಅಡುಗೆಗೆ ಕೂತಳು. ನನ್ನ ಕಳ್ಳಿ ಭಂಡಾರ ಹುಡುಕುತ್ತ ಕೋಟೆಯ ಒಳಗೆ ಹೋದಳು. ಹೆಬ್ಬಾಗಿಲಿನಲ್ಲಿ ಕಾವಲಿನವರ ಎದುರು ಆವೇಶದವನು ಮತ್ತು ರಾಜಕುಮಾರ, ಇಬ್ಬರೇ. ಮೇಷ್ಟ್ರು ಕಾವಲಿನವನ ಜೊತೆ ಮಾತಿಗೆ ನಿಂತರು. ಆದರೆ ಅದು ನಮಗೆ ಗೊತ್ತಿದ್ದ ಮಾತೇ ಅಲ್ಲ. ಅರ್ಧ ವಾಕ್ಯ ಹೇಳಿ ಅಪ್ಪಯ್ಯನ ಕತ್ತಿನ ಬೈರಾಸು ನೋಡುತ್ತಿದ್ದರು, ಧ್ವನಿ ತಗ್ಗಿಸುತ್ತಿದ್ದರು. "ನೀನೇ ಹೇಳು ಮಿತ್ರ, ನೀನೇ ಮುಂದೆ ಹೋಗು ಮಿತ್ರ" ಎಂದು ಎಲ್ಲದಕ್ಕೂ ದಾರಿ ಬಿಡುತ್ತಿದ್ದರು. ಕೂಟದಲ್ಲಿ ಎದುರಿನವನಿಗಾಗಿ ಮಾತು ತಗ್ಗಿಸುವುದೆಂದರೆ ಅವನ ಮುಖಕ್ಕೆ ಉಗಿದಂತೆ. ಪ್ರೀತಿಯಿಂದ ಮಾಡಿದರೂ ಅಷ್ಟೇ. ಇದನ್ನು ಅವರೇ ಎಷ್ಟೋ ಎಳೆಯರಿಗೆ ಬೈದು ಕಲಿಸಿದ್ದರು. ಅಪ್ಪಯ್ಯನ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು.

ಅಪ್ಪಯ್ಯ ಮೊದಲ ಏಟಿಗೆ ಕವಡೆ ಹಾಕಿದ. ಒಂದೂ ಬಾಯಿ ಮೇಲಾಗಲಿಲ್ಲ. ಏಟು ತಪ್ಪಿತು.

"ಪಾಪ" ಎಂದರು ಮೇಷ್ಟ್ರು, "ಇನ್ನೊಂದ್ಸಲ ಹಾಕ್ಲಿ ಬಿಡಾ."

ಕಾಫಿ ತಂದ ಅಮ್ಮ ಲೋಟಗಳನ್ನು ಬಾಗಿಲ ಹತ್ತಿರವೇ ನೆಲಕ್ಕಿಟ್ಟಳು. ಅಪ್ಪಯ್ಯ ಮೇಷ್ಟ್ರನ್ನು ಒಮ್ಮೆ ನೋಡಿದ. ಬೈರಾಸನ್ನು ಕತ್ತಿನಿಂದ ಎಳೆದು ಕಚ್ಚಿದ. ಆವೇಶ ಬಂತು ಎಂದು ಅದರ ಅರ್ಥ. ಒಬ್ಬ ಕಾವಲಿನವನು ಹೋದ. ಎರಡನೆಯವನು ಹೋದ. ಮೂರನೆಯವನು ತಪ್ಪಿಸಿಕೊಳ್ಳಲು ಹೊರಟಿದ್ದ, ಅವನೂ ಹೋದ. ಕವಡೆಗಳು ಅವನ ಕೈಯ ಮಾತು ಕೇಳುವ ಹಾಗೆ ಬೀಳುತ್ತಿದ್ದವು. ಹೆಬ್ಬಾಗಿಲಿನಲ್ಲಿ ಶತ್ರುಗಳು ಮುಗಿದರು. ಅಪ್ಪಯ್ಯ ಚಾಪೆಯ ಮೇಲೆ ಕೂತಲ್ಲಿಂದಲೇ ನಿಧಾನವಾಗಿ ಪಕ್ಕಕ್ಕೆ, ಮೇಷ್ಟ್ರ ಕಡೆಗೆ ತಿರುಗಿದ.

"ಮೇಷ್ಟ್ರೇ" ಎಂದ ತಮ್ಮ, "ಈಗ ಪಕ್ಕದಾಗೆ ಇರೋದು ನೀವೊಬ್ರೇ. ಮಾತಾಡಿ ಇಳಿಸ್ಬೇಕು."

ಮೇಷ್ಟ್ರು ಕೈ ಜೋಡಿಸಿದರು. "ಎಲೈ ವೀರ, ಶಾಂತನಾಗು. ನಾನು ನಿನ್ನ ಮಿತ್ರನಲ್ಲವೇ? ನಿನ್ನ ನೋವು ನನ್ನದಲ್ಲವೇ?"

ಅಪ್ಪಯ್ಯನ ಕಣ್ಣು ಅಲುಗಲಿಲ್ಲ.

"ನಾಟಲಿಲ್ಲ ಮೇಷ್ಟ್ರೇ" ಎಂದ ತಮ್ಮ. ಆ ಹುಡುಗನ ಧೈರ್ಯಕ್ಕೆ ಇವತ್ತಿಗೂ ನಾನು ಕೈ ಮುಗಿಯುತ್ತೇನೆ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಪಕ್ಕಕ್ಕಿಟ್ಟರು. ಬೆನ್ನು ನೇರ ಮಾಡಿದರು. ಆಮೇಲೆ ಎದ್ದ ಧ್ವನಿ ಇದೆಯಲ್ಲ, ಅದು ತೀರ್ಥಹಳ್ಳಿ ಮೇಷ್ಟ್ರದ್ದು.

"ಎಲವೋ! ಕರುಣೆ ಬೇಡವೆಂದೆಯಾ? ಸರಿ, ಕರುಣೆಯಿಲ್ಲದೆ ಕೇಳುತ್ತೇನೆ, ಉತ್ತರ ಕೊಡು. ಆಯುಧ ಮುರಿಯಿತೆಂದು ರಣ ಬಿಟ್ಟು ಗವಿ ಸೇರಿದವನು ನೀನು. ವೀರ ಎನ್ನಿಸಿಕೊಂಡವನಿಗೆ ಅದು ಒಪ್ಪುವುದೋ? ನಿನ್ನ ಆಯುಧ ಹೋಯಿತು ಎಂದು ಲೋಕವೆಲ್ಲ ಮರುಗಿತು. ನನ್ನ ಆಯುಧದ ಗತಿಯೇನೆಂದು ನೀನೊಮ್ಮೆ ಕೇಳಿದೆಯೋ? ಕತ್ತಿಯನ್ನು ಮಸೆಯುವುದು ಯಾವುದರ ಮೇಲೆ? ಕಲ್ಲಿನ ಮೇಲೆ. ಆ ಕಲ್ಲು ನೀನಾಗಿದ್ದೆ. ನಿನಗೆ ಹೆದರಿ ನಾನು ರಾತ್ರಿಯೆಲ್ಲ ಓದಿದೆ. ನಿನ್ನ ಒಂದು ಗರ್ಜನೆಗೆ ಉತ್ತರ ಹುಡುಕಿ ಮೂರು ದಿನ ಅಲೆದೆ." ಅಷ್ಟರಲ್ಲಿ ಅವರ ಅರ್ಥಗಾರಿಕೆ ಮುರಿದು ಬಿತ್ತು. "ನೀನು ಬರಲ್ಲ ಅಂದ್ಮೇಲೆ ನಾನೂ ಕೂಟಕ್ಕೆ ಹೋಗಿಲ್ಲ ಮಾರಾಯ. ಕರೆಯಕ್ಕೆ ಬಂದೋರಿಗೆಲ್ಲ ಹುಷಾರಿಲ್ಲ ಅಂದೆ. ಯಾರ ಎದುರಿಗೆ ಕೂರ್ಲಿ? ನಿನ್ನ ಕಣ್ಣು ಕಾಣ್ದೆ ನಂಗೆ ಮಾತು ಹುಟ್ಟಲ್ಲ. ಬಂದು ಎದುರಿಗೆ ಕೂರಾ. ನೀನು ಹಿಂಗೆ ನೋಡು ಸಾಕು, ಉತ್ರ ನಾನು ಕೊಡ್ತೀನಿ. ಸೋತ್ರೆ ಸೋಲ್ತೀನಿ."

ಅವರ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ. ತಮ್ಮ ಮೂಗು ಎಳೆದುಕೊಂಡು, "ನಾಟ್ತು. ಅಪ್ಪಯ್ಯಾ, ಹಾಕು" ಎಂದ.

ಅಪ್ಪಯ್ಯ ಕವಡೆ ಕುಲುಕಿ ಹಾಕಿದ. ಒಂದು ಮೇಲೆ. ಎರಡು ಮೇಲೆ. ಮೂರನೆಯದೂ ಮೇಲೆ. ನಾಲ್ಕನೆಯದು ಚಾಪೆಯ ಅಂಚಿಗೆ ಉರುಳಿ ಹೋಗಿ ಬೋರಲಾಗಿ ಬಿತ್ತು.

ತಮ್ಮ ನನ್ನ ಮುಖ ನೋಡಿದ. ಆ ಒಂದು ಕವಡೆ ಚಾಪೆಯಿಂದ ಹೊರಗೆ ಬಿತ್ತು, ಲೆಕ್ಕಕ್ಕಿಲ್ಲ ಎಂದು ಏನೋ ಗೊಣಗಲು ಬಾಯಿ ತೆರೆದ. "ಏಯ್!" ಎಂದು ಮೇಷ್ಟ್ರು ಗದರಿದರು. "ಬಿದ್ದಿದ್ದು ಬಿದ್ದಿದ್ದೇ. ಬಿಟ್ಟುಕೊಟ್ರೆ ನಾನು ಇಲ್ಲಿಂದ ಎದ್ದು ಹೋಗ್ತೀನಿ. ಹೊಡಿಯಾ ನೀನು!"

ಅಪ್ಪಯ್ಯ ಅವರನ್ನು ನೋಡಿದ. ಬೈರಾಸು ಇನ್ನೂ ಹಲ್ಲಿನಲ್ಲೇ ಇತ್ತು. ಕವಡೆಗಳನ್ನು ಬಾಚಿ ಎದೆಯವರೆಗೆ ಎತ್ತಿ ಬೀಸಿ ಹೊಡೆದ. ನಾಲ್ಕೂ ಬಾಯಿ ಮೇಲಾಗಿ ಬಿದ್ದವು. ಅದಕ್ಕಿಂತ ದೊಡ್ಡ ಏಟು ಆ ಆಟದಲ್ಲೇ ಇರಲಿಲ್ಲ. ರಾಜಕುಮಾರ ಎರಡು ಹೋಳಾದ.

ಮೇಷ್ಟ್ರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ನಮಗೆ ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. "ಕೊಂದ!" ಎಂದರು. "ಅಂತೂ ಕೊಂದ ನೋಡಿ ಅಮ್ಮಾ ನಿಮ್ಮ ಯಜಮಾನ! ಇಷ್ಟು ವರ್ಷ ಕಾದು ಕಾದು ಇವತ್ತು ಕೊಂದ!" ಅಪ್ಪಯ್ಯನೂ ನಕ್ಕ. ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು, ಕತ್ತಿನ ತೂತಿನಿಂದ ಗಾಳಿ ಸುಯ್ಯೆನ್ನುತ್ತಿತ್ತು. ಇಬ್ಬರೂ ಒಬ್ಬರ ತೊಡೆಗೊಬ್ಬರು ಬಡಿದುಕೊಂಡು ನಕ್ಕರು. ಅಮ್ಮ ಅಳುತ್ತ, "ಕಾಫಿ ಆರಿ ಹೋಗುತ್ತೆ, ಸತ್ತೋರೂ ಕುಡೀರಿ, ಕೊಂದೋರೂ ಕುಡೀರಿ" ಎಂದು ಬೈದಳು.

ಸಂಜೆಯ ತೀರ್ಥಹಳ್ಳಿ ಬಸ್ಸಿಗೆ ಮೇಷ್ಟ್ರು ಹೊರಟರು. ಅಪ್ಪಯ್ಯ ಒಳಗೆ ಹೋದ. ಎಂದಿನಂತೆ ಕೋಣೆ ಸೇರಿದ ಎಂದುಕೊಂಡು ನಾನು ಮುಖ ಆಚೆ ತಿರುಗಿಸಿದೆ. ಅವನು ಅಂಗಿ ಹಾಕಿಕೊಂಡು ಹೊರಗೆ ಬಂದ. ಚಪ್ಪಲಿ ಮೆಟ್ಟಿ, ಮೇಷ್ಟ್ರ ಚೀಲವನ್ನು ಅವರ ಕೈಯಿಂದ ಕಿತ್ತುಕೊಂಡು ಗೇಟು ತೆರೆದು ಮುಂದೆ ನಡೆದ. ಅಮ್ಮ ನನ್ನ ಕೈಯನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡಳು. ನಾನೂ ತಮ್ಮನೂ ಏನೂ ಗೊತ್ತಿಲ್ಲದವರ ಹಾಗೆ ಹಿಂದೆ ಹಿಂದೆ ಹೋದೆವು.

ಬಸ್ ಸ್ಟ್ಯಾಂಡಿನಲ್ಲಿ ಜನ ಮಾತು ನಿಲ್ಲಿಸಿ ನೋಡಿದರು. ಹೂವಿನವಳು ಎದ್ದು ನಿಂತಳು. ಬೀಡಾ ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಓಡಿ ಬಂದು, "ಅಯ್ಯೋ ಏಜೆಂಟ್ರೇ! ಪಾಪ, ಎಂಥಾ ಧ್ವನಿ..." ಎಂದು ಶುರು ಮಾಡಿದ. ಅಪ್ಪಯ್ಯ ಅವನ ಕಡೆ ತಿರುಗಿ ಹುಬ್ಬು ಇಳಿಸಿ ನೋಡಿದ. ಆ ಮನುಷ್ಯ ಹೇಳುತ್ತಿದ್ದುದನ್ನು ಅಲ್ಲಿಗೇ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಮೇಷ್ಟ್ರು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ತಮ್ಮ ಕೂಟದ ಧ್ವನಿಯಲ್ಲಿ ಹೇಳಿದರು: "ಪಾಪಗೀಪ ಅನ್ಬೇಡ ಮಾರಾಯ, ಹುಷಾರು! ಈಗಷ್ಟೇ ನನ್ನ ಕೊಂದು ಬಂದಿದಾನೆ."